ಉತಾರದಿಂದ ಮೊಬೈಲಿನ ತನಕ: ಒಂದು ಹಿನ್ನೋಟ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಿರಿಯರನ್ನು ನೆನೆಯುವುದು ನಮ್ಮ ಕರ್ತವ್ಯ. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಆಗ ಅದು ನಮ್ಮ ಧಾರವಾಡ ಜಿಲ್ಲೆಯದೇ ಊರು. ಸಾಹುಕಾರರ ಕಿರ್ದಿಯಲ್ಲಿ ಏನು ಬರೆದದೆ ಎಂಬುದು ರೈತನಿಗೆ ತಿಳಿಯುತ್ತಿರಲಿಲ್ಲ. ಸಂಘದ ಲೆಕ್ಕವನ್ನು ಸದಸ್ಯ ಎದ್ದು ನಿಂತು ಕೇಳಬಹುದಿತ್ತು. ನಮ್ಮ ಲೆಕ್ಕ ನಮ್ಮ ಕಣ್ಣಿಗೆ ಕಾಣಬೇಕು, ಸಹಕಾರದ ಬೇರು ಇದೇ. ಗಣಕಯಂತ್ರದ ಕಾಲಕ್ಕೂ ಈ ಮಾತು ಅಷ್ಟೇ ಖರೆ.

ಹಾಲಿನ ವಿಷಯವನ್ನೇ ನೋಡ್ರಿ. ನಮ್ಮ ಲಕಮನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ಧಾರವಾಡ ಹಾಲು ಒಕ್ಕೂಟ 1986ರಲ್ಲಿ ಸ್ಥಾಪನೆಯಾಯಿತು. ಮೊದಲು ಹಳ್ಳಿಗಳಲ್ಲಿ ಹಾಲು ಅಳೆಯುವವರು ಹೇಳಿದ್ದೇ ಲೆಕ್ಕ. ವಿದ್ಯುತ್ ತಕ್ಕಡಿ, ಫ್ಯಾಟ್ ನೋಡುವ ಯಂತ್ರ ಬಂದ ಮೇಲೆ ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಷ್ಟು ರೊಕ್ಕ ಎಂಬುದು ಚೀಟಿಯಲ್ಲೇ ಬರತೊಡಗಿತು. ಎಮ್ಮೆ ಕಟ್ಟಿದ ತಾಯಂದಿರು ಯಾರ ಭಾಷಣವನ್ನೂ ಕೇಳದೆ ಯಂತ್ರವನ್ನು ಒಪ್ಪಿಕೊಂಡರು. ಗಟ್ಟಿ ಹಾಲಿಗೆ ಹೆಚ್ಚು ರೊಕ್ಕ ಎಂಬುದು ಕಣ್ಣಿಗೆ ಕಂಡಿತು. ಅದೇ ಪ್ರೇರಣೆ.

ಆಮೇಲೆ 2000ದ ಸುಮಾರಿಗೆ 'ಭೂಮಿ' ಯೋಜನೆ ಬಂತು. ಅಲ್ಲಿಯ ತನಕ ಉತಾರ ಬೇಕೆಂದರೆ ತಲಾಠಿಯವರನ್ನು ಹುಡುಕಿಕೊಂಡು ತಿರುಗಬೇಕಿತ್ತು. 177 ತಾಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳು ಗಣಕಯಂತ್ರಕ್ಕೆ ಏರಿದವು. ತಾಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರತೊಡಗಿತು. ಸರದಿಯಲ್ಲಿ ನಿಂತು ಕಾಲು ನೋಯಿಸಿಕೊಂಡರೂ ನಮ್ಮ ಜನ ಅದನ್ನು ಬಿಡಲಿಲ್ಲ.

2020ರಲ್ಲಿ ರೈತರೇ ಮೊಬೈಲಿನಿಂದ ಬೆಳೆ ಸಮೀಕ್ಷೆ ಮಾಡುವ ಆ್ಯಪ್ ಬಂತು. ಇಲ್ಲಿ ಮಾತ್ರ ನಾವು ಹಿಂದೆ ಬಿದ್ದೆವು. ಒಬ್ಬ ಸದಸ್ಯರ ಹೊಲದಾಗ ಕಡಲೆ ಇತ್ತು, ದಾಖಲೆಯಲ್ಲಿ ಜೋಳ ಬಂತು. ಫೋಟೋ ತೆಗೆಯಲು ಬೇರೆಯವರಿಗೆ ಹೇಳಿ ಅವರು ಮನೆಯಲ್ಲಿ ಕುಳಿತಿದ್ದರು. ಬೆಳೆ ವಿಮೆಯ ಹೊತ್ತಿಗೆ ಓಡಾಡಿದ್ದೇ ಬಂತು. ತಪ್ಪು ಅವರೊಬ್ಬರದೇ ಅಲ್ಲ. ನಿರ್ದೇಶಕರಾದ ನಾವು ಮುಂಚೆ ಕೂಡಿಸಿ ಹೇಳಿಕೊಡಲಿಲ್ಲ.

2022ರಲ್ಲಿ ಕೇಂದ್ರ ಸರಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಮಂಜೂರು ಮಾಡಿತು. ಯಂತ್ರಗಳು ಬಂದಾವು. ಆದರೆ ಪಾಸ್‌ಬುಕ್ ಮಗನ ಮೊಬೈಲಿನಾಗ ಸೇರಿ, ಹೊಲ ದುಡಿಯುವ ತಂದೆ-ತಾಯಿಗೆ ಲೆಕ್ಕ ಕಾಣದಂತಾದರೆ ನಾವು ಮತ್ತೆ ಸಾಹುಕಾರರ ಕಿರ್ದಿಯ ಕಾಲಕ್ಕೇ ಹೋದಂತೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ ನಮ್ಮ ಅಕ್ಕ-ತಂಗಿಯರು ಗಿರಾಕಿಯ ರೊಕ್ಕವನ್ನು ಮೊಬೈಲಿನಲ್ಲಿ ಪಡೆಯುವುದನ್ನು ತಾವೇ ಕಲಿತರೆ ಆ ವ್ಯಾಪಾರ ಅವರದೇ ಆಗಿ ಉಳಿದೀತು.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ: ಹೊಸದು ಬಂದಾಗ ದೂರ ನಿಲ್ಲಬೇಡ್ರಿ, ಹಾಗಂತ ಕಣ್ಣು ಮುಚ್ಚಿ ಒಪ್ಪಲೂ ಬೇಡ್ರಿ. ಸಂಘಕ್ಕೆ ಬರ್ರಿ, ನಿಮ್ಮ ಲೆಕ್ಕ ನೀವೇ ನೋಡ್ರಿ, ತಿಳಿಯದಿದ್ದರೆ ಕೇಳ್ರಿ. ಹೇಳಿಕೊಡುವುದು ನಮ್ಮ ಜವಾಬ್ದಾರಿ.