ಹರಿಪುರದ ಸಂಗಮ ಮತ್ತು ಮೀನಿನ ಸಂತಾನ: ಹಾರ್ಮೋನುಗಳ ಕಾರ್ಯ, ಜಲಮಾಲಿನ್ಯದ ಪರಿಣಾಮ

ಸಾಂಗಲಿ ನಗರಕ್ಕೆ ಹೊಂದಿಕೊಂಡಿರುವ ಹರಿಪುರದಲ್ಲಿ, ಸಂಗಮೇಶ್ವರ ದೇವಾಲಯದ ಬಳಿ, ವಾರಣಾ ನದಿಯು ಕೃಷ್ಣೆಯನ್ನು ಕೂಡುತ್ತದೆ. ಮಹಾಬಳೇಶ್ವರದಲ್ಲಿ ಹುಟ್ಟಿ, ಕರಾಡದಲ್ಲಿ ಕೊಯ್ನೆಯನ್ನು ಸೇರಿಸಿಕೊಂಡು ಬರುವ ಕೃಷ್ಣೆಯು ಇಲ್ಲಿಂದ ಮುಂದೆ ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಕರ್ನಾಟಕವನ್ನು ಪ್ರವೇಶಿಸುತ್ತಾಳೆ. ಮ್ಹೈಸಾಳ ಏತ ನೀರಾವರಿ ಯೋಜನೆಯ ಮೂಲಕ ಇದೇ ನೀರು ಜತ್ತ ತಾಲ್ಲೂಕಿನ ಹೊಲಗಳಿಗೂ ಏರುತ್ತದೆ. ಹೀಗಾಗಿ ಈ ನದಿಯ ಆರೋಗ್ಯವು ಗಡಿಯ ಎರಡೂ ಬದಿಯ ಕನ್ನಡ ಕುಟುಂಬಗಳಿಗೆ ಸಂಬಂಧಿಸಿದ ವಿಷಯವಾಗಿದೆ.

2023ರ ಮಾರ್ಚ್ ತಿಂಗಳಲ್ಲಿ ಸಾಂಗಲಿ ಬಳಿ ಕೃಷ್ಣೆಯಲ್ಲಿ ಅಪಾರ ಸಂಖ್ಯೆಯ ಮೀನುಗಳು ಸತ್ತು ತೇಲಿದವು. ಇಂತಹ ದುರಂತವು ಕಣ್ಣಿಗೆ ಕಾಣುತ್ತದೆ, ಸುದ್ದಿಯಾಗುತ್ತದೆ, ವಿಚಾರಣೆಗೂ ಒಳಪಡುತ್ತದೆ. ಆದರೆ ಮಾಲಿನ್ಯದ ಮತ್ತೊಂದು ಹಾನಿ ಕಣ್ಣಿಗೆ ಬೀಳುವುದಿಲ್ಲ. ಸಾಯದೆ ಉಳಿದ ಮೀನು ಮೊಟ್ಟೆಯಿಡುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಹುಟ್ಟದೇ ಹೋದ ಮರಿಗಳನ್ನು ಯಾವ ಪಂಚನಾಮೆಯೂ ಎಣಿಸುವುದಿಲ್ಲ. ಈ ಎರಡನೆಯ ಹಾನಿಯನ್ನು ಅರಿಯಲು ಮೀನಿನ ಸಂತಾನೋತ್ಪತ್ತಿ ಹಾರ್ಮೋನುಗಳ ಪರಿಚಯ ಅವಶ್ಯಕ.

ಮಿದುಳಿನಿಂದ ಮೊಟ್ಟೆಯವರೆಗೆ

ಹಾರ್ಮೋನು ಎಂದರೆ ನಿರ್ನಾಳ ಗ್ರಂಥಿಯಲ್ಲಿ ಉತ್ಪತ್ತಿಯಾಗಿ, ರಕ್ತದ ಮೂಲಕ ಸಾಗಿ, ದೂರದ ಅಂಗವೊಂದಕ್ಕೆ ಆಜ್ಞೆ ಮುಟ್ಟಿಸುವ ರಾಸಾಯನಿಕ. ಮೀನಿನಲ್ಲಿ ಈ ವ್ಯವಸ್ಥೆಯು ಮನುಷ್ಯನಲ್ಲಿರುವುದಕ್ಕೆ ಬಹುಮಟ್ಟಿಗೆ ಸಮಾನವಾಗಿದೆ. ಹಗಲಿನ ಅವಧಿ, ನೀರಿನ ಉಷ್ಣತೆ, ಮಳೆಯ ಹೊಸ ನೀರು ಮುಂತಾದ ಸೂಚನೆಗಳು ಮೊದಲು ಮಿದುಳಿನ ಹೈಪೋಥಲಾಮಸ್ ಭಾಗವನ್ನು ತಲುಪುತ್ತವೆ. ಅಲ್ಲಿಂದ ಹೊರಡುವ ಹಾರ್ಮೋನು ಪಿಟ್ಯೂಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ. ಪಿಟ್ಯೂಟರಿಯು ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಇವು ಹೆಣ್ಣಿನ ಅಂಡಾಶಯವನ್ನೂ ಗಂಡಿನ ವೃಷಣವನ್ನೂ ಕಾರ್ಯಪ್ರವೃತ್ತಗೊಳಿಸುತ್ತವೆ.

ಅಂಡಾಶಯದಲ್ಲಿ ಎಸ್ಟ್ರಾಡಿಯಾಲ್ ಉತ್ಪತ್ತಿಯಾಗುತ್ತದೆ. ಅದರ ಆಜ್ಞೆಯಂತೆ ಯಕೃತ್ತು ‘ವಿಟೆಲೊಜೆನಿನ್’ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಬೆಳೆಯುತ್ತಿರುವ ಮೊಟ್ಟೆಗೆ ಭಂಡಾರವನ್ನು ತುಂಬುವ ವಸ್ತು ಇದೇ. ಗಂಡು ಮೀನಿನಲ್ಲಿ ಟೆಸ್ಟೋಸ್ಟೆರೋನ್ ಮತ್ತು 11-ಕೀಟೋಟೆಸ್ಟೋಸ್ಟೆರೋನ್ ವೀರ್ಯಾಣುಗಳ ಬೆಳವಣಿಗೆಯನ್ನು ನಡೆಸುತ್ತವೆ. ಕೊನೆಯಲ್ಲಿ ಎಲ್‌ಎಚ್ ಪ್ರಮಾಣವು ಒಮ್ಮೆಲೇ ಏರಿದಾಗ ಮೊಟ್ಟೆಗಳು ಪಕ್ವವಾಗಿ ಹೊರಬರುತ್ತವೆ.

ಈ ಕೊನೆಯ ಹಂತದ ಮಹತ್ವವನ್ನು ನಮ್ಮ ದೇಶದ ವಿಜ್ಞಾನವೇ ಪ್ರಯೋಗದಿಂದ ತೋರಿಸಿದೆ. ರೋಹು, ಕಾಟ್ಲಾ, ಮೃಗಾಲ್ ಮೀನುಗಳು ಹರಿಯುವ ನದಿಯಲ್ಲಿ ಮೊಟ್ಟೆಯಿಡುತ್ತವೆಯೇ ಹೊರತು ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಪಿಟ್ಯೂಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಇಂತಹ ಮೀನುಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ಆ ದಿನವನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸಲಾಗುತ್ತಿದೆ.

ಋತುಮಾನದ ಲೆಕ್ಕ

ನಮ್ಮ ನದಿಗಳ ಅನೇಕ ಮೀನುಗಳು ವರ್ಷಕ್ಕೊಮ್ಮೆ, ಮುಂಗಾರಿನಲ್ಲಿ, ಮೊಟ್ಟೆಯಿಡುತ್ತವೆ. ಆದರೆ ಸಿದ್ಧತೆ ಮಳೆಗಾಲದಲ್ಲಿ ಆರಂಭವಾಗುವುದಿಲ್ಲ. ಫೆಬ್ರುವರಿಯಿಂದ ಜೂನ್‌ವರೆಗೆ ಹಾರ್ಮೋನುಗಳು ಹಂತಹಂತವಾಗಿ ಏರಿ, ಅಂಡಾಶಯವು ತುಂಬಿಕೊಳ್ಳುತ್ತದೆ. ಇದೇ ತಿಂಗಳುಗಳಲ್ಲಿ ಕೃಷ್ಣೆಯ ಹರಿವು ಕ್ಷೀಣಿಸಿ, ಬಂಧಾರಗಳ ಹಿಂದೆ ನೀರು ನಿಲ್ಲುತ್ತದೆ. ಕಬ್ಬು ಅರೆಯುವ ಹಂಗಾಮಿನ ಕೊನೆಯ ಭಾಗವೂ ಇದೇ. ಹರಿವು ಕಡಿಮೆಯಾದಾಗ ಅಷ್ಟೇ ಪ್ರಮಾಣದ ಕೊಳಚೆ ಹೆಚ್ಚು ಸಾಂದ್ರವಾಗುತ್ತದೆ. ಅಂದರೆ, ಮೀನಿನ ಗರ್ಭಕಟ್ಟುವ ಕಾಲವೂ ನದಿಯ ಅತಿ ಮಲಿನ ಕಾಲವೂ ಒಂದರ ಮೇಲೊಂದು ಬೀಳುತ್ತವೆ.

ಆಮ್ಲಜನಕದ ಕೊರತೆಯ ಪರಿಣಾಮ

ಗೃಹಕೊಳಚೆ, ಸಕ್ಕರೆ ಹಾಗೂ ಮದ್ಯಸಾರ ತಯಾರಿಕೆಯ ತ್ಯಾಜ್ಯ ಇವು ನೀರನ್ನು ಸೇರಿದಾಗ ಸೂಕ್ಷ್ಮಜೀವಿಗಳು ಅವುಗಳನ್ನು ಕೊಳೆಯಿಸಲು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತವೆ. ಆಮ್ಲಜನಕವು ತೀರ ಕುಸಿದರೆ ಮೀನು ಸಾಯುತ್ತದೆ. ಅರ್ಧಕ್ಕೆ ಕುಸಿದರೆ ಬದುಕುತ್ತದೆ, ಆದರೆ ಪೂರ್ಣ ಆರೋಗ್ಯದಿಂದಲ್ಲ. ಎಸ್ಟ್ರಾಡಿಯಾಲ್‌ನಂತಹ ಸ್ಟೀರಾಯ್ಡ್ ಹಾರ್ಮೋನುಗಳನ್ನು ರೂಪಿಸುವ ಹಲವು ಕಿಣ್ವಗಳ ಕೆಲಸಕ್ಕೆ ಆಮ್ಲಜನಕವೇ ಬೇಕು. 2003ರಲ್ಲಿ ಹಾಂಗ್‌ಕಾಂಗ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಆಮ್ಲಜನಕದ ನೀರಿನಲ್ಲಿ ವಾರಗಟ್ಟಲೆ ಇಟ್ಟ ಸಾಮಾನ್ಯ ಗೆಂಡೆ ಮೀನುಗಳ ಲೈಂಗಿಕ ಹಾರ್ಮೋನುಗಳ ಪ್ರಮಾಣ ತಗ್ಗಿತು. ಜನನಾಂಗಗಳ ಬೆಳವಣಿಗೆ ಕುಂಠಿತವಾಯಿತು. ಫಲಿತ ಮೊಟ್ಟೆಗಳೂ ಬದುಕಿದ ಮರಿಗಳೂ ಕಡಿಮೆಯಾದವು. ಹೊರನೋಟಕ್ಕೆ ಜೀವಂತವಾಗಿದ್ದ ಮೀನುಗಳಲ್ಲಿಯೇ ಈ ಹಾನಿ ಕಂಡುಬಂದಿತು.

ಹಾರ್ಮೋನಿನ ವೇಷ ಧರಿಸುವ ರಾಸಾಯನಿಕಗಳು

ಕೆಲವು ರಾಸಾಯನಿಕಗಳು ಶರೀರದ ಹಾರ್ಮೋನನ್ನೇ ಅನುಕರಿಸುತ್ತವೆ. ಮನುಷ್ಯರು ಮತ್ತು ಜಾನುವಾರುಗಳ ಮೂತ್ರದಲ್ಲಿರುವ ಸಹಜ ಈಸ್ಟ್ರೋಜೆನ್, ಗರ್ಭನಿರೋಧಕ ಮಾತ್ರೆಗಳಲ್ಲಿರುವ ಎಥಿನೈಲ್ ಎಸ್ಟ್ರಾಡಿಯಾಲ್, ಕೆಲವು ಕೈಗಾರಿಕಾ ಮಾರ್ಜಕಗಳು ಒಡೆದು ಉಂಟಾಗುವ ನೊನೈಲ್‌ಫೀನಾಲ್ ಇವು ಪ್ರಮುಖ ಉದಾಹರಣೆಗಳು. ಇಂತಹ ನೀರಿನಲ್ಲಿ ವಾಸಿಸುವ ಗಂಡು ಮೀನಿನ ಯಕೃತ್ತು, ಹೆಣ್ಣಿನಲ್ಲಿ ಮಾತ್ರ ಹೇರಳವಾಗಿರಬೇಕಾದ ವಿಟೆಲೊಜೆನಿನನ್ನು ತಯಾರಿಸತೊಡಗುತ್ತದೆ. ಗಂಡು ಮೀನಿನ ರಕ್ತದಲ್ಲಿ ಅದು ಕಂಡುಬಂದರೆ ನೀರು ಕಲುಷಿತವಾಗಿದೆ ಎಂಬುದಕ್ಕೆ ವಿಜ್ಞಾನಿಗಳು ಅದನ್ನು ಸಾಕ್ಷ್ಯವೆಂದು ಪರಿಗಣಿಸುತ್ತಾರೆ.

ಬ್ರಿಟನ್ನಿನಲ್ಲಿ ಕೊಳಚೆ ಶುದ್ಧೀಕರಣ ಘಟಕಗಳ ಕೆಳಹರಿವಿನಲ್ಲಿದ್ದ ಗಂಡು ‘ರೋಚ್’ ಮೀನುಗಳ ವೃಷಣಗಳಲ್ಲಿ ಅಂಡಕೋಶಗಳು ವ್ಯಾಪಕವಾಗಿ ಕಂಡುಬಂದುದನ್ನು 1998ರಲ್ಲಿ ವರದಿ ಮಾಡಲಾಯಿತು. ಕೆನಡಾದ ಸಂಶೋಧಕರು 2001ರಿಂದ 2003ರವರೆಗೆ ಪ್ರಾಯೋಗಿಕ ಸರೋವರವೊಂದಕ್ಕೆ ಲೀಟರಿಗೆ 5ರಿಂದ 6 ನ್ಯಾನೋಗ್ರಾಂ ಎಥಿನೈಲ್ ಎಸ್ಟ್ರಾಡಿಯಾಲ್ ಇರುವಂತೆ ಬೆರೆಸಿದರು. ಒಂದು ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ಅಷ್ಟರಿಂದಲೇ ಅಲ್ಲಿನ ‘ಫ್ಯಾಟ್‌ಹೆಡ್ ಮಿನ್ನೋ’ ಎಂಬ ಸಣ್ಣ ಮೀನಿನ ಸಂತತಿ ನಾಶದ ಅಂಚಿಗೆ ಬಂದಿತು. ಬೆರೆಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳ ಬಳಿಕ ಸಂತತಿ ಚೇತರಿಸಿಕೊಂಡಿತು ಎಂಬುದೂ ಅಷ್ಟೇ ಮುಖ್ಯ ಸಂಗತಿ. ಮೂಲವನ್ನು ತಡೆದರೆ ಜಲಜೀವಿಗಳು ಮರಳಿ ಬರಬಲ್ಲವು.

ಅಳತೆಗೋಲಿನ ಮಿತಿ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ವನ್ಯಜೀವಿ ಮತ್ತು ಮೀನುಗಾರಿಕೆಗೆ ಯೋಗ್ಯವಾದ ನೀರು ‘ಡಿ’ ವರ್ಗಕ್ಕೆ ಸೇರುತ್ತದೆ. ಅದಕ್ಕೆ ಪಿಎಚ್ 6.5ರಿಂದ 8.5ರೊಳಗೆ, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಮುಕ್ತ ಅಮೋನಿಯಾ ಗರಿಷ್ಠ 1.2 ಮಿಲಿಗ್ರಾಂ ಇರಬೇಕು. ಹಾರ್ಮೋನಿನಂತೆ ವರ್ತಿಸುವ ರಾಸಾಯನಿಕಗಳ ಅಳತೆ ಈ ಮಾನದಂಡದಲ್ಲಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರು ಮೀನಿನ ಸಂತಾನಕ್ಕೂ ಸುರಕ್ಷಿತವೆಂದು ಹೇಳಲಾಗದು.

ಪಾಲಕರು ಮತ್ತು ಶಾಲೆಗಳು ಮಾಡಬಹುದಾದುದು

ಸತ್ತು ತೇಲಿದ ಮೀನನ್ನು ಮನೆಗೆ ತರಬಾರದು, ಮಾರಬಾರದು. ಕೀಟನಾಶಕದ ಡಬ್ಬಿ ಮತ್ತು ಪಂಪುಗಳನ್ನು ನದಿ, ಹಳ್ಳ, ಕಾಲುವೆಗಳಲ್ಲಿ ತೊಳೆಯಬಾರದು. ಉಳಿದ ಔಷಧಗಳನ್ನು ಚರಂಡಿಗೆ ಸುರಿಯಬಾರದು. ಹತ್ತನೆಯ ತರಗತಿಯ ಮಕ್ಕಳು ಫೆಬ್ರುವರಿಯಿಂದ ಜೂನ್‌ವರೆಗೆ ವಾರಕ್ಕೊಮ್ಮೆ, ಹಿರಿಯರ ಜೊತೆಯಲ್ಲಿ, ನೀರಿನ ಬಣ್ಣ, ವಾಸನೆ, ನೊರೆ, ಉಷ್ಣತೆ ಮತ್ತು ಪಿಎಚ್ ಅಂಶಗಳನ್ನು ದಿನಾಂಕ ಸಹಿತ ದಾಖಲಿಸಬಹುದು. ಕರಗಿದ ಆಮ್ಲಜನಕವನ್ನು ಅಳೆಯುವ ಸರಳ ಕಿಟ್ ದೊರೆತರೆ ಆ ದಾಖಲೆ ಇನ್ನಷ್ಟು ಬೆಲೆಯುಳ್ಳದ್ದಾಗುತ್ತದೆ.

ನೀರು ಕೆಟ್ಟುದು ಕಂಡುಬಂದಾಗ ಸ್ಥಳ, ಸಮಯ, ಛಾಯಾಚಿತ್ರಗಳೊಡನೆ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಸಲ್ಲಿಸಬೇಕು. ಮರಾಠಿ ಬರವಣಿಗೆ ಬಾರದೆಂದು ಹಿಂಜರಿಯಬೇಕಾಗಿಲ್ಲ. ಸಂವಿಧಾನದ 350ನೆಯ ವಿಧಿಯು, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ನೀಡಿದೆ. ಕೃಷ್ಣೆಯ ಕುರಿತ ಅಹವಾಲನ್ನು ಕನ್ನಡದಲ್ಲಿಯೇ ಬರೆದು, ಸ್ವೀಕೃತಿ ಪತ್ರವನ್ನು ಪಡೆದುಕೊಂಡು, ಶಾಲೆಯ ದಾಖಲೆಯೊಂದಿಗೆ ಜೋಪಾನವಾಗಿಡುವುದು ಉಚಿತ.