ಮೇಲಧಿಕಾರಿಯ ಕಿರುಕುಳ: ಭಾರತದ ಕಾನೂನು ಬೆಳೆದು ಬಂದ ಬಗೆ

ಕೆಲಸದ ಸ್ಥಳದ ಲೈಂಗಿಕ ಕಿರುಕುಳಕ್ಕೆಂದೇ 1997ರವರೆಗೆ ಭಾರತದಲ್ಲಿ ಪ್ರತ್ಯೇಕ ನಿಯಮವಿರಲಿಲ್ಲ. ದಂಡ ಸಂಹಿತೆಯ 354 ಮತ್ತು 509ನೇ ಕಲಮುಗಳಡಿ ಪೊಲೀಸರಿಗೆ ದೂರು ಕೊಡಬಹುದಿತ್ತು. ಆದರೆ ಮರುದಿನ ಅದೇ ಅಧಿಕಾರಿಯ ಕೈಕೆಳಗೆ ದುಡಿಯುವುದು ತಪ್ಪುತ್ತಿರಲಿಲ್ಲ.

ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ 'ಸಾಥಿನ್' (ಗ್ರಾಮಮಟ್ಟದ ಕಾರ್ಯಕರ್ತೆ) ಆಗಿದ್ದ ಭಂವರಿ ದೇವಿ, ಹಸುಗೂಸಿನ ಮದುವೆ ತಡೆಯಲು ಹೋದದ್ದಕ್ಕೆ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಕರ್ತವ್ಯ ಮಾಡಿದ್ದಕ್ಕೇ ಈ ಗತಿಯಾದರೆ ಉದ್ಯೋಗದಾತರ ಹೊಣೆ ಏನು ಎಂದು ಕೇಳಿ ವಿಶಾಖಾ ಮತ್ತಿತರ ಸಂಘಟನೆಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. 1997ರ ಆಗಸ್ಟ್ 13ರಂದು ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠ, ಸಂಸತ್ತು ಕಾನೂನು ಮಾಡುವವರೆಗೆ ಪ್ರತಿ ಸಂಸ್ಥೆಯೂ ದೂರು ಸಮಿತಿ ರಚಿಸಬೇಕೆಂದು ವಿಧಿಸಿತು. ದೇಶದ ದುಡಿಯುವ ಹೆಂಗಸರಿಗೆ ರಕ್ಷಣೆ ದೊರಕಿಸಿದ ಭಂವರಿ ದೇವಿಗೆ ಮಾತ್ರ ನ್ಯಾಯ ಸಿಗಲಿಲ್ಲ: 1995ರಲ್ಲೇ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತ್ತು. 1999ರಲ್ಲಿ ಎ.ಕೆ. ಚೋಪ್ರಾ ಪ್ರಕರಣದಲ್ಲಿ, ಮೈಮುಟ್ಟದಿದ್ದರೂ ಕಿರುಕುಳ ಕಿರುಕುಳವೇ ಎಂದ ಸುಪ್ರೀಂ ಕೋರ್ಟ್, ಮೇಲಧಿಕಾರಿಯ ವಜಾ ಆದೇಶವನ್ನು ಎತ್ತಿಹಿಡಿಯಿತು.

ಸಂಸತ್ತಿನ ಕಾನೂನು ಜಾರಿಗೆ ಬಂದದ್ದು 2013ರ ಡಿಸೆಂಬರ್ 9ರಂದು. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಅದಿಲ್ಲದ ಸಣ್ಣ ಸ್ಥಳಗಳ ದೂರು, ಮಾಲೀಕನ ಮೇಲಿನ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತವೆ. ಮನೆಗೆಲಸದವರೂ ಅಲ್ಲಿಗೇ ಹೋಗಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳ ಅವಕಾಶವುಂಟು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಷ್ಟರವರೆಗೆ ದೂರುದಾರೆ ವರ್ಗಾವಣೆಯನ್ನೋ ಮೂರು ತಿಂಗಳವರೆಗಿನ ರಜೆಯನ್ನೋ ಕೇಳಬಹುದು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ನಿಯಮಾವಳಿಯ ಒಂದು ಸಣ್ಣ ಸಾಲು: ಆರೋಪಿ ಆಕೆಯ ಗೌಪ್ಯ ವರದಿ ಬರೆಯದಂತೆ ತಡೆದು, ಆ ಕೆಲಸವನ್ನು ಬೇರೊಬ್ಬ ಅಧಿಕಾರಿಗೆ ವಹಿಸಬಹುದು. ಬಡ್ತಿ ತಪ್ಪಿಸುವ ಬೆದರಿಕೆ ಅಡಗಿರುವುದು ಆ ವರದಿಯಲ್ಲೇ.

ಕ್ರಿಮಿನಲ್ ದೂರಿನ ದಾರಿಯೂ ಜೊತೆಗೇ ತೆರೆದಿದೆ. ಲೈಂಗಿಕ ಕಿರುಕುಳಕ್ಕೆಂದೇ 2013ರಲ್ಲಿ ದಂಡ ಸಂಹಿತೆಗೆ ಸೇರಿದ 354ಎ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಾಗಿದೆ.

ಆದರೆ 2013ರ ಕಾನೂನು ಕಾಯುವುದು ಮಹಿಳೆಯರನ್ನು ಮಾತ್ರ, ಲೈಂಗಿಕ ಸ್ವರೂಪದ ಕಿರುಕುಳದಿಂದ ಮಾತ್ರ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಟಾರ್ಗೆಟ್ ಮುಗಿಯಲಿಲ್ಲವೆಂದು ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈದರೆ, ಅದು ಲೈಂಗಿಕ ಮಾತಲ್ಲದಿದ್ದಲ್ಲಿ, ಈ ಸಮಿತಿಯ ವ್ಯಾಪ್ತಿಗೆ ಬಾರದು. ಅಂಥ ದಬ್ಬಾಳಿಕೆಗೆಂದೇ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ. ಕಾರ್ಮಿಕ ಇಲಾಖೆಗೆ ಅಥವಾ ಯೂನಿಯನ್‌ಗೆ ಮೊರೆ ಹೋಗಬೇಕು. ಇರುವ ಕಾನೂನಿನ ಜಾರಿಯಲ್ಲೂ ಗಂಭೀರ ಲೋಪಗಳಿವೆ ಎಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿ, ಸಮಿತಿಗಳು ರಚನೆಯಾಗಿವೆಯೇ ಎಂದು ಪರಿಶೀಲಿಸುವಂತೆ ಸರ್ಕಾರಗಳಿಗೆ ಸೂಚಿಸಿತು.