ದಾಕು ಹಿಡಿಯಿತೆ?

ಸಿಡುಬಿಗೆ ಹೆಸರಿಡುವಾಗ ನಮ್ಮ ಜನ ಅಂಜಿದಷ್ಟು ಬೇರಾವ ರೋಗದ ವಿಷಯದಲ್ಲೂ ಅಂಜಿದಂತೆ ಕಾಣುವುದಿಲ್ಲ. ಮಾತು ಇತ್ತು, ಆದರೆ ಮನೆಯೊಳಗೆ ಅದನ್ನು ಆಡುತ್ತಿರಲಿಲ್ಲ. 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು, ಇಲ್ಲವೆ 'ಮೈಲಿ ಎದ್ದಿದೆ' ಎನ್ನುತ್ತಿದ್ದರು. ಬಂದವಳು ಅತಿಥಿ, ಬೇವಿನ ಸೊಪ್ಪು, ತಂಪು, ಮೌನ ಇವುಗಳಿಂದ ಉಪಚರಿಸಿ ಅವಳನ್ನು ಕಳುಹಿಸಿಕೊಡಬೇಕು. ಸೋಜಿಗವೆಂದರೆ, ರೋಗವನ್ನು ತಡೆಯುವ ಉಪಾಯಕ್ಕೂ ಅದೇ ಹೆಸರು ಅಂಟಿಕೊಂಡದ್ದು. ಧಾರವಾಡದ ಕಡೆ ಅದು 'ದೇವಿ ಹಾಕಿಸುವುದು'. ಹಳೆಯ ಮೈಸೂರಿನಲ್ಲಿ 'ಮೈಲಿ ಹಾಕಿಸುವುದು', ಇಲ್ಲವೆ 'ದಾಕು ಹಾಕಿಸುವುದು'. 'ಲಸಿಕೆ' ಎಂಬುದು ಪುಸ್ತಕದಿಂದ ಇಳಿದು ಬಂದ ಮಾತು. ಸಂಸ್ಕೃತದ ಲಸೀಕಾ ಎಂದರೆ ದೇಹದೊಳಗಿನ ನೀರಿನಂಥ ರಸ. ಸಕಲೇಶಪುರದಿಂದಾಚೆ, ನಮ್ಮ ಹೊಂಗಡಹಳ್ಳದ ಬೆಟ್ಟಗಳ ನಡುವೆ, ಎಪ್ಪತ್ತು ದಾಟಿದವರ ಬಾಯಲ್ಲಿ 2021ರಲ್ಲಿಯೂ ನಾನು ಕೇಳಿದ್ದು ದಾಕು ಎಂಬ ಮಾತನ್ನೇ. ಈ ಮಾತಿನ ಬೆನ್ನು ಹಿಡಿದು ಹೋದರೆ ಇನ್ನೂರು ವರ್ಷಗಳ ಜನಾಭಿಪ್ರಾಯದ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ರಸವನ್ನು ಬಾಲಕನೊಬ್ಬನ ತೋಳಿಗೆ ಹಚ್ಚಿದ್ದು 1796ರಲ್ಲಿ. ಆ ರಸ ನಮ್ಮ ದೇಶವನ್ನು ಮುಟ್ಟುವುದಕ್ಕೆ ಆರು ವರ್ಷ ಹಿಡಿಯಿತು. ಬಾಗ್ದಾದ್, ಬಸ್ರಾಗಳ ದಾರಿಯಲ್ಲಿ ಬಂದು, 1802ರ ಜೂನ್ ತಿಂಗಳಲ್ಲಿ ಮುಂಬಯಿಯ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಅದು ಹಿಡಿಯಿತು. ಅಂದಿಗೆ ಶೀತಲಪೆಟ್ಟಿಗೆಯಿಲ್ಲ, ಸೀಸೆಯಲ್ಲಿಟ್ಟರೆ ಸೆಕೆಗೆ ಕೆಡುತ್ತದೆ. ಆದ್ದರಿಂದ ರಸವನ್ನು ಜೀವಂತವಾಗಿ ಉಳಿಸುವುದಕ್ಕೆ ಇದ್ದ ಭದ್ರವಾದ ಪಾತ್ರೆ ಮಗುವಿನ ತೋಳು. ಒಂದು ಮಗುವಿಗೆ ಹಾಕಿದ ಎಂಟನೆಯ ದಿನ ಗುಳ್ಳೆ ತುಂಬಿಕೊಳ್ಳುತ್ತದೆ. ಅದನ್ನು ಚುಚ್ಚಿ ರಸ ತೆಗೆದು ಇನ್ನೊಂದು ಮಗುವಿಗೆ ಹಾಕಬೇಕು. ಹೀಗೆ ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ ಅದು ಸಾಗಿತು.

ನಮ್ಮ ಹಿರಿಯರು ದಾಕಿಗೆ ಹೆದರಿದ್ದು ಮೌಢ್ಯದಿಂದ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ವಾಡಿಕೆ. ನನಗೆ ಈ ತೀರ್ಮಾನ ಒಪ್ಪಿಗೆಯಾಗದು. ಅವರ ಸ್ಥಾನದಲ್ಲಿ ನಿಂತು ನೋಡಿ. ಯಾವುದೋ ಮನೆಯ ಮಗುವಿನ ಗುಳ್ಳೆಯ ರಸ ನನ್ನ ಮಗುವಿನ ಮೈಗೆ. ಆ ಮಗುವಿಗೆ ಬೇರೆ ಯಾವ ರೋಗವಿತ್ತೋ! ಜಾತಿಯ ಮಾತು ಹಾಗಿರಲಿ, ಅದೂ ಇದ್ದೇ ಇತ್ತು. ಮಡಿ ಮೈಲಿಗೆಯ ಸಮಾಜದಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದು? ಎಂಟು ದಿನಗಳಾದ ಮೇಲೆ ನನ್ನ ಮಗುವಿನ ಹುಣ್ಣನ್ನು ಕೆದಕಿ ರಸ ತೆಗೆಯುವುದಕ್ಕೆ ಪುನಃ ಬರುತ್ತಾರೆ. ತೋಳಿನಿಂದ ತೋಳಿಗೆ ಹಾಕುವ ಪದ್ಧತಿಯಲ್ಲಿ ಬೇರೆ ರೋಗಗಳು ಅಂಟುವ ಸಂಭವವಿದೆಯೆಂದು ಮುಂದೆ ವೈದ್ಯರೇ ಒಪ್ಪಿದರು. ಕರುವಿನ ಚರ್ಮದ ಮೇಲೆ ರಸವನ್ನು ಬೆಳೆಸಿ ತೆಗೆಯುವ ಕ್ರಮ ಬಂದದ್ದು ಆ ಕಾರಣದಿಂದಲೂ ಹೌದು. ಅಂಥ ಕೆಲಸ ನಡೆಯುತ್ತಿದ್ದ ಬೆಳಗಾವಿಯ ಜಾಗವನ್ನು ಜನ ಇಂದಿಗೂ 'ವ್ಯಾಕ್ಸಿನ್ ಡಿಪೊ' ಎಂದೇ ಕರೆಯುತ್ತಾರೆ. ಅಂದ ಮೇಲೆ ತಾಯಂದಿರ ಅನುಮಾನ ಪೂರ್ತಿ ಹುರುಳಿಲ್ಲದ್ದೇನೂ ಆಗಿರಲಿಲ್ಲ.

ಅನುಮಾನವನ್ನು ಕಳೆಯುವುದಕ್ಕೆ ಅಂದಿನ ಆಳುವವರು ಹಿಡಿದ ದಾರಿಗಳಲ್ಲಿ ಎರಡು ನನಗೆ ಬಹಳ ಕುತೂಹಲಕರವೆನಿಸಿವೆ. ಒಂದು ಮದರಾಸಿನದು. ಗೋವಿನ ಸಿಡುಬಿನಿಂದ ಮನುಷ್ಯರಿಗೆ ರಕ್ಷೆ ದೊರೆಯುತ್ತದೆಂಬುದು ಧನ್ವಂತರಿಯ ಕಾಲದಿಂದಲೇ ನಮ್ಮವರಿಗೆ ಗೊತ್ತಿತ್ತೆಂದು ಹೇಳುವ ಶಾಸ್ತ್ರವಾಕ್ಯವೊಂದು 1819ರಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಥ ಪದ್ಯಗಳನ್ನು ಕಟ್ಟುವ ಯತ್ನದ ಹಿಂದೆ ದ್ರಾವಿಡ ಭಾಷೆಗಳ ಬಾಂಧವ್ಯವನ್ನು ಮೊದಲು ಗುರುತಿಸಿದ ಎಲ್ಲಿಸ್ ಸಾಹೇಬನ ಕೈಯಿತ್ತು. ವಿದ್ವಾಂಸರು ಮುಂದೆ ಪರಿಶೀಲಿಸಿ ಇದೆಲ್ಲ ಹೊಸದಾಗಿ ಹೊಸೆದದ್ದೆಂದು ತೋರಿಸಿದರು. ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ಸುಳ್ಳು ಶಾಸ್ತ್ರವನ್ನು ಸೃಷ್ಟಿಸಿ ಜನರನ್ನು ನಂಬಿಸುವ ಹಂಚಿಕೆಗೆ ತಕ್ಕ ಶಿಕ್ಷೆಯೂ ದೊರೆಯಿತು. ಜೆನ್ನರನಿಗೆ ಮುಂಚೆಯೇ ಇದೆಲ್ಲ ನಮ್ಮಲ್ಲಿತ್ತು ಎಂದು ಆ ವಾಕ್ಯವನ್ನೇ ಆಧಾರವಾಗಿ ಎತ್ತಿ ಆಡುವವರು ಈಗಲೂ ಉಂಟು.

ಎರಡನೆಯ ದಾರಿ ನಮ್ಮ ಮೈಸೂರಿನದು. 1806ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ರಾಜ್ಯಭಾರ ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು, ಅಂತಃಪುರದ ಹಿರಿಯರು ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ಆ ವರ್ಷ ಕಿರಿಯ ರಾಣಿ ದೇವಾಜಮ್ಮಣ್ಣಿಯವರು ದಾಕು ಹಾಕಿಸಿಕೊಂಡರು. ಅದರಿಂದ ಒಳ್ಳೆಯ ಪರಿಣಾಮವಾಗಿ ಅನೇಕರು ಮುಂದೆ ಬಂದರೆಂದು ಅಂದಿನ ಪ್ರಕಟಣೆ ಹೇಳುತ್ತದೆ. ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ಬರೆದ ಒಂದು ತೈಲಚಿತ್ರವಿದೆ. ಮೂವರು ಸ್ತ್ರೀಯರು ನಿಂತಿದ್ದಾರೆ. ಬಲಗಡೆಯವರು ಸೆರಗನ್ನು ಸರಿಸಿ ಎಡತೋಳಿನ ಕಡೆ ಬೆರಳು ತೋರುತ್ತಿದ್ದಾರೆ. ಬಹುಕಾಲ ಇದನ್ನು ಯಾರೋ ನರ್ತಕಿಯರ ಚಿತ್ರವೆಂದು ತಿಳಿದಿದ್ದರು. ಚರಿತ್ರಕಾರ ನೈಜೆಲ್ ಚಾನ್ಸೆಲರ್ ಅವರ ಅಭಿಪ್ರಾಯದಲ್ಲಿ ಇವರು ಮೈಸೂರಿನ ರಾಣಿವಾಸದವರು; ಬೆರಳು ತೋರುತ್ತಿರುವುದು ದಾಕು ಹಾಕಿಸಿದ ಜಾಗವನ್ನು. ಎಡಗಡೆ ನಿಂತ ರಾಣಿಯ ಮೂಗು, ಬಾಯಿಯ ಸುತ್ತಲಿನ ಬಣ್ಣ ತುಸು ಮಾಸಿರುವುದನ್ನು ಅವರು ಹಳೆಯ ಕ್ರಮದಲ್ಲಿ ಸಿಡುಬಿನ ಪುಡಿಯನ್ನು ಮೂಗಿಗೇರಿಸಿದ್ದರ ಗುರುತೆಂದು ಓದಿದ್ದಾರೆ. ಇದನ್ನು ಒಪ್ಪುವುದಾದರೆ, ಹಳೆಯ ಉಪಾಯವೂ ಹೊಸ ಉಪಾಯವೂ ಒಂದೇ ಚಿತ್ರದಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ.

ಅರಮನೆಯ ಹೆಣ್ಣುಮಕ್ಕಳು ಪರಪುರುಷರ ಮುಂದೆ ಮುಖ ತೋರಿಸದ ಕಾಲ ಅದು. ಅಂಥಲ್ಲಿ ರಾಣಿಯೊಬ್ಬರು ತೋಳು ತೋರಿಸಿ ಚಿತ್ರ ಬರೆಸಿಕೊಂಡರೆಂದರೆ ಸಾಮಾನ್ಯವಲ್ಲ. ಜನ ನಂಬಿದ್ದು ಶಾಸ್ತ್ರವಾಕ್ಯವನ್ನಲ್ಲ, ಕಂಪನಿಯ ವೈದ್ಯರ ಲೆಕ್ಕಾಚಾರವನ್ನೂ ಅಲ್ಲ. ದೊಡ್ಡ ಮನೆಯವರು ತಮ್ಮ ಮೈಯನ್ನು ಮೊದಲು ಮುಂದೊಡ್ಡಿದ್ದನ್ನು.

ಇದೇ ಮಾತನ್ನು ಪ್ಲೇಗಿನ ಕಾಲಕ್ಕೆ ಅನ್ವಯಿಸಿ ನೋಡಬಹುದು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಆಗ ಹುಟ್ಟಿದ್ದು. ಅದೇ ಕಾಯಿದೆಯನ್ನು 2020ರಲ್ಲಿ ಪುನಃ ಹೊರತೆಗೆದದ್ದನ್ನು ವಾಚಕರು ಬಲ್ಲರು. ಸಿಪಾಯಿಗಳು ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ದ ಪುಣೆಯಲ್ಲಿ 1897ರ ಜೂನಿನಲ್ಲಿ ಅಧಿಕಾರಿ ರ‍್ಯಾಂಡನ ಕೊಲೆಯಾಯಿತು. ಆದರೆ ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ, ಲ್ಯೂಮನ್ ಎಂಬ ವೈದ್ಯನ ಮೇಲ್ವಿಚಾರಣೆಯಲ್ಲಿ, ಹಾಫ್ಕಿನ್ ಕಂಡುಹಿಡಿದ ಚುಚ್ಚುಮದ್ದನ್ನು 30,000ಕ್ಕೂ ಮಿಕ್ಕಿ ಜನ ಹಾಕಿಸಿಕೊಂಡರು. ಹಾಫ್ಕಿನ್ ಆ ಮದ್ದನ್ನು ಮೊಟ್ಟಮೊದಲು ಚುಚ್ಚಿಸಿಕೊಂಡದ್ದು ತನ್ನ ಮೈಗೇ. ಜನ ಆಮೇಲೂ ಹೆದರಿದರು ನಿಜ; ಅದಕ್ಕೂ ಕಾರಣವಿತ್ತು. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಮದ್ದಿನಿಂದ 19 ಮಂದಿ ಧನುರ್ವಾಯು ಹತ್ತಿ ಸತ್ತರು. ತಪ್ಪು ಹಾಫ್ಕಿನನದಲ್ಲವೆಂದು ತೀರ್ಮಾನವಾಗುವುದಕ್ಕೆ ಐದು ವರ್ಷ ಬೇಕಾಯಿತು. ಬೆಂಗಳೂರಿನವರು ಅತ್ತ ಚುಚ್ಚುಮದ್ದನ್ನೂ ಬಿಡಲಿಲ್ಲ, ಇತ್ತ ಪ್ಲೇಗಿನ ಮಾರಮ್ಮನಿಗೆ ಗುಡಿ ಕಟ್ಟುವುದನ್ನೂ ಬಿಡಲಿಲ್ಲ. ನನಗಂತೂ ಇದರಲ್ಲಿ ವಿರೋಧ ಕಾಣುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಚುಚ್ಚುವವರು ನಮ್ಮವರೇ ಆದರು. ಆದರೂ ಚರ್ಚೆ ನಿಲ್ಲಲಿಲ್ಲ. ಕ್ಷಯಕ್ಕೆ ಬಿ.ಸಿ.ಜಿ. ಹಾಕುವ ಚಳವಳಿಯನ್ನು 1955ರಲ್ಲಿ ರಾಜಾಜಿಯವರಂಥವರೇ ಪುಸ್ತಿಕೆ ಬರೆದು ಎದುರಿಸಿದರು. ಸಿಡುಬನ್ನು ನಿರ್ಮೂಲ ಮಾಡುವ ರಾಷ್ಟ್ರೀಯ ಕಾರ್ಯಕ್ರಮ 1962ರಲ್ಲಿ ಹೊರಟಿತು. ಆಗಿನ ಉಪಕರಣ ಸಣ್ಣ ಮುಳ್ಳಿನ ಬಿಲ್ಲೆ. ಚರ್ಮಕ್ಕೆ ಒತ್ತಿ ತಿರುಗಿಸುತ್ತಿದ್ದರು. ಅರವತ್ತು ದಾಟಿದವರ ತೋಳಿನ ಮೇಲೆ ನಾಲ್ಕಾಣೆಯಗಲದ ಕಲೆ ಉಳಿದಿರುವುದು ಅದರದೇ. ದಾಕಿನವರು ಬರುತ್ತಾರೆಂದು ಕೇಳಿದರೆ ನಮ್ಮ ಕಡೆ ಮಕ್ಕಳು ಶಾಲೆ ಬಿಟ್ಟು ಕಾಫಿ ತೋಟದೊಳಗೆ ಅಡಗುತ್ತಿದ್ದರೆಂದು ಹಿರಿಯರು ನಗುತ್ತ ಹೇಳುತ್ತಾರೆ. 1975ರಲ್ಲಿ ಭಾರತದ ಕೊನೆಯ ರೋಗಿ ಅಸ್ಸಾಮಿನಲ್ಲಿ ಗುಣವಾದಳು. 1980ರಲ್ಲಿ ಲೋಕವೇ ಸಿಡುಬಿನಿಂದ ಮುಕ್ತವೆಂದು ಸಾರಲಾಯಿತು. ಅಡಗಿದ್ದ ಮಕ್ಕಳು ಈಗ ಅಜ್ಜಂದಿರು. ಅವರ ಮೊಮ್ಮಕ್ಕಳ ತೋಳಿನಲ್ಲಿ ಆ ಕಲೆಯಿಲ್ಲ.

ಮಲೆನಾಡಿಗೆ ಇನ್ನೊಂದು ಅನುಭವವುಂಟು. ಪಟ್ಟಣದ ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕಿದ ಜಾಗ ಕಡಿಮೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಜನರಿಗೂ ಜ್ವರ. ಉಣ್ಣೆ ಕಚ್ಚಿ ಹರಡುವ ಈ ಮಂಗನ ಕಾಯಿಲೆಗೆ ಲಸಿಕೆಯೇನೋ ಬಂತು. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಆರೇಳು ತಿಂಗಳಿಗೆ ಇನ್ನೊಂದು, ಮುಂದೆ ವರ್ಷ ವರ್ಷವೂ ಒಂದೊಂದು. ಸೂಜಿ ಚುಚ್ಚಿದ ಜಾಗದ ನೋವು ಕಡಿಮೆಯದಲ್ಲ. ದಿನಗೂಲಿಯವರು ಎರಡನೆಯದಕ್ಕೋ ಮೂರನೆಯದಕ್ಕೋ ಬರುವುದನ್ನು ಬಿಟ್ಟರು. ಜನರ ಅಸಡ್ಡೆ ಎಂದು ವರದಿಗಳಲ್ಲಿ ಬರೆಯುವುದು ಸುಲಭ. ಎರಡು ಸಲ ಹಾಕಿಸಿಕೊಂಡವರಿಗೆ ದೊರೆತ ರಕ್ಷಣೆ ನೂರಕ್ಕೆ 62ರಷ್ಟು ಮಾತ್ರವೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 2022ರಲ್ಲಿ, ಮದ್ದಿನ ಸತ್ವ ಸಾಲದೆಂದು ಆ ಲಸಿಕೆಯನ್ನೇ ನಿಲ್ಲಿಸಲಾಯಿತು. 'ಹಾಕ್ಸ್ಕಂಡ್ರೂ ಬರುತ್ತೆ' ಎಂದು ಕಾಡಿನಂಚಿನ ಜನ ಹೇಳುತ್ತಿದ್ದ ಮಾತನ್ನು ಗೊಣಗಾಟವೆಂದು ತಳ್ಳಿಹಾಕಿದವರು ಆಗಲೇ ಅದನ್ನು ಒಂದು ಸಾಕ್ಷ್ಯವೆಂದು ಎಣಿಸಿದ್ದರೆ ಎಷ್ಟೋ ವರ್ಷಗಳ ಹಿಂದೆಯೇ ಬೇರೆ ಮದ್ದಿನ ಕೆಲಸ ಮೊದಲಾಗಬಹುದಿತ್ತು ಎಂದು ನನ್ನ ಅನಿಸಿಕೆ.

ಕೊರೊನಾ ಲಸಿಕೆ 2021ರ ಜನವರಿ 16ರಂದು ದೇಶದಲ್ಲಿ ಆರಂಭವಾದಾಗ ಈ ಹಳೆಯ ನೆನಪುಗಳೆಲ್ಲ ಹಳ್ಳಿಗಳಲ್ಲಿ ಎಚ್ಚರವಾಗಿಯೇ ಇದ್ದವು. ಮಾರ್ಚಿನಲ್ಲಿ ಅರವತ್ತು ದಾಟಿದವರಿಗೆ, ಏಪ್ರಿಲಿನಲ್ಲಿ ನಲವತ್ತೈದಕ್ಕೆ, ಮೇ ತಿಂಗಳಲ್ಲಿ ಹದಿನೆಂಟಕ್ಕೆ. ಹೆಸರು ನೋಂದಾಯಿಸುವುದು ಮೊಬೈಲಿನಲ್ಲಿ. ಹೊಂಗಡಹಳ್ಳದ ಕಡೆ ಮೊಬೈಲಿಗೆ ಸಂಕೇತ ಸಿಗಬೇಕಾದರೆ ಗುಡ್ಡ ಹತ್ತಬೇಕು. ಹತ್ತಿದವರಿಗೆ ಸಿಗುತ್ತಿದ್ದುದು 'ಜಾಗವಿಲ್ಲ' ಎಂಬ ಉತ್ತರ. ಕೋವಿಶೀಲ್ಡಿನ ಎರಡನೆಯ ಸರದಿಗೆ ಮೊದಲು ನಾಲ್ಕರಿಂದ ಆರು ವಾರವೆಂದರು, ಆಮೇಲೆ ಆರರಿಂದ ಎಂಟು, ಮೇ ತಿಂಗಳಲ್ಲಿ ಹನ್ನೆರಡರಿಂದ ಹದಿನಾರು. ಹೀಗೆ ವಾಯಿದೆ ಬದಲಾದಂತೆಲ್ಲ 'ಇವರಿಗೇ ಗೊತ್ತಿಲ್ಲ, ನಮಗೇನು ಹೇಳ್ತಾರೆ?' ಎಂಬ ಮಾತು ತೋಟದ ಲೈನುಗಳಲ್ಲಿ ಹಬ್ಬಿತು. ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ: ಜ್ವರ ಬಂದು ಮಲಗಿದರೆ ಎರಡು ದಿನದ ಕೂಲಿ ಕೊಡುವವರು ಯಾರು? ಈ ಪ್ರಶ್ನೆಗೆ ಮೊಬೈಲಿನಲ್ಲಿ ಉತ್ತರವಿರಲಿಲ್ಲ. ನಾನು ಕಂಡ ಒಂದು ತೋಟದಲ್ಲಿ ಯಜಮಾನರ ಮನೆಯ ಹೆಂಗಸರು ಮೊದಲು ಹೋಗಿ ಹಾಕಿಸಿಕೊಂಡು ಬಂದರು. ಆಳುಗಳಿಗೆ ಎರಡು ದಿನದ ಕೂಲಿ ಹಿಡಿಯುವುದಿಲ್ಲವೆಂದು ಮಾತು ಕೊಟ್ಟರು. ಮರುದಿನ ಆಶಾ ಕಾರ್ಯಕರ್ತೆಯ ಹಿಂದೆ ಲೈನಿಗೆ ಲೈನೇ ಜೀಪು ಹತ್ತಿತು. ಪಕ್ಕದ ತೋಟದಲ್ಲಿ ಎರಡೂ ನಡೆಯಲಿಲ್ಲ. ಅಲ್ಲಿಯವರು ಬಂದದ್ದು ಮಳೆಗಾಲ ಕಳೆದ ಮೇಲೆ.

ಹಿರಿಯರ ಅನುಮಾನ ಮಾತ್ರ ಬೇರೊಂದು ರೀತಿಯದು. ಹಳೆಯ ಕಾಲದಲ್ಲಿ ದಾಕು ಹಾಕಿದ ಎಂಟನೆಯ ದಿನಕ್ಕೆ ದಾಕಿನವರು ಪುನಃ ಬಂದು ತೋಳನ್ನು ನೋಡುವ ಪದ್ಧತಿಯಿತ್ತು. ಗುಳ್ಳೆ ಎದ್ದಿದ್ದರೆ ಹಿಡಿಯಿತು, ಇಲ್ಲವಾದರೆ ಪುನಃ ಹಾಕಬೇಕು. ನಮ್ಮ ಊರಿನ ವೃದ್ಧೆಯೊಬ್ಬರು ಕೊರೊನಾ ಸೂಜಿ ಹಾಕಿಸಿಕೊಂಡು ಬಂದು ದಿನವೂ ತೋಳು ನೋಡಿಕೊಳ್ಳುತ್ತಿದ್ದರಂತೆ. ಎಂಟು ದಿನವಾದರೂ ಗುಳ್ಳೆಯಿಲ್ಲ, ಕಲೆಯಿಲ್ಲ. ಮೊಮ್ಮಗ ಮೊಬೈಲಿನಲ್ಲಿ ಪ್ರಮಾಣಪತ್ರ ತೆರೆದು ತೋರಿಸಿದ. ಅವರು ಅದನ್ನೊಮ್ಮೆ ನೋಡಿ, ತಮ್ಮ ಎಡತೋಳಿನ ಹಳೆಯ ಕಲೆಯನ್ನೊಮ್ಮೆ ಸವರಿ, 'ಇದು ಹಿಡಿದಿಲ್ಲ ಕಣೋ ಮಗ, ಇನ್ನೊಂದ್ಸಲ ಕರ್ಕೊಂಡು ಹೋಗು' ಎಂದರಂತೆ.